ಹಗಲಲ್ಲಿ ಹೇಳಬಾರದ ಕತೆ

ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ನನ್ನ ಕಾಲಿಗೆ ಹಾಕಿದ ಬೇಡಿ ನಾನೇ ಬಡಿದದ್ದು. ನಾನು ದೇವಲಾಪುರದ ಕಮ್ಮಾರ. ಕೋಟೆಯ ಕುಲುಮೆಯಲ್ಲಿ ಕೆಲಸಕ್ಕಿದ್ದವನು ಅಪ್ಪಣೆ ಕೇಳದೆ ಊರಿಗೆ ಹೊರಟು, ಕಿರಂಗೂರು ದಾಟುವ ಮೊದಲೇ ಸಿಕ್ಕಿಬಿದ್ದೆ. ಬೇಡಿ ಎಷ್ಟು ಗಟ್ಟಿಯಾಗಿತ್ತೆಂದರೆ ನನಗೆ ಹೆಮ್ಮೆಯೂ ಬಂತು, ಮೈಯೆಲ್ಲ ಉರಿದೂ ಹೋಯಿತು.

ಅದೇ ಕೋಣೆಯಲ್ಲಿ ಶೀಳನೆರೆಯ ಗೌಡರೊಬ್ಬರಿದ್ದರು. ದಂಡಿನವರು ಅವರ ಎತ್ತುಗಳನ್ನೂ, ಅವನ್ನು ಹೊಡೆಯಲೆಂದು ಅವರ ಒಬ್ಬನೇ ಮಗನನ್ನೂ ಕರೆದೊಯ್ಯುವಾಗ ಅಡ್ಡ ನಿಂತು ಜಗಳವಾಡಿ ಒಳಗೆ ಬಂದವರು. ಮಹಾ ಮುಂಗೋಪಿ. ಮುದ್ದೆ ಗಟ್ಟಿಯಾದರೂ ಬೈಗುಳ, ಮೆತ್ತಗಾದರೂ ಬೈಗುಳ. ಆದರೆ ಕತೆ ಅಂದರೆ ಸಾಕು, ಹತ್ತಿರ ಸರಿದು ಕೂತು ಮಾತು ಮಾತಿಗೂ "ಹೂಂ" ಅನ್ನುತ್ತಿದ್ದರು. ಅಂಥ ಹೂಂಗುಟ್ಟುವವರು ಸಿಕ್ಕರೆ ನನ್ನಂಥ ಬಾಯಿಬಡುಕನಿಗೆ ಸೆರೆಯ ಅರ್ಧ ಭಾರ ಕಳೆದ ಹಾಗೆಯೇ.

ಒಂದೇ ತಕರಾರು. ದೀಪ ಹಚ್ಚುವ ಹೊತ್ತಿಗೆ ಮುಂಚೆ ಕತೆ ಕೂಡದು. ಹಗಲು ಕತೆ ಹೇಳಿದರೆ ಮನೆಯಿಂದ ಹೊರಗೆ ಹೋದವರು ದಾರಿ ತಪ್ಪುತ್ತಾರೆ ಅನ್ನುವುದು ನಮ್ಮ ಕಡೆಯ ನಂಬಿಕೆ.

"ನನ್ ಮಗ ದಾರೀಲವ್ನೆ ಕಣ್ಲಾ. ಬಾಯ್ ಮುಚ್ಕೊಂಡು ಕೂತ್ಕೊ," ಅನ್ನುತ್ತಿದ್ದರು.

ಕಿಟಕಿಯಿಲ್ಲದ ಕೋಣೆಯಲ್ಲಿ ಹೊತ್ತು ತಿಳಿಯುವುದು ಹೇಗೆ? ಬಾಗಿಲ ಸಂದಿಯ ಬೆಳಕು ಆರಿದರೆ ಸಂಜೆ, ಅಷ್ಟೆ. ಆ ಬೆಳಕು ಆರುವುದನ್ನೇ ಕಾಯುವುದು ನಮ್ಮಿಬ್ಬರ ಕಸುಬಾಯಿತು.

ಇಂಗ್ಲಿಷರ ದಂಡು ಕೋಟೆಗೆ ಮುತ್ತಿಗೆ ಹಾಕಿದ್ದ ಬೇಸಗೆಯಲ್ಲಿ ನಮ್ಮ ಊಟಕ್ಕೂ ಹೊತ್ತುಗೊತ್ತಿರಲಿಲ್ಲ. ಒಂದು ದಿನ ಬೆಳಕು ಆರಿತು. ನಾನು ಶುರು ಹಚ್ಚಿಕೊಂಡೆ. ಒಂದು ಕಾಗೆ ಕಮ್ಮಾರನ ಹತ್ತಿರ ಕಬ್ಬಿಣದ ಕೊಕ್ಕು ಮಾಡಿಸಿಕೊಳ್ಳುತ್ತದೆ, ಆಮೇಲೆ ಭಾರಕ್ಕೆ ಹಾರಲಾರದೆ ಅವನ ಅಂಗಳದಲ್ಲೇ ಕೂರುತ್ತದೆ. ಗೌಡರು ಹೊಟ್ಟೆ ಹಿಡಿದುಕೊಂಡು ನಗುತ್ತ ಹೂಂ ಅನ್ನುತ್ತಿದ್ದರು. ಅಷ್ಟರಲ್ಲಿ ಕಾವಲುಗಾರ ಇದು ಮಧ್ಯಾಹ್ನದ್ದು ಅಂತ ಮುದ್ದೆ ತಂದಿಟ್ಟ. ಬೆಳಕನ್ನು ಮುಚ್ಚಿದ್ದು ಸಂಜೆಯಲ್ಲ, ಫಿರಂಗಿಯ ಹೊಗೆ!

"ನಿಲ್ಸ್ಲಾ!" ಅಂದರು ಗೌಡರು. ಅಂದಿನಿಂದ ಸಂಜೆಯಾದರೂ ಕತೆ ಕೇಳಲಿಲ್ಲ, ಮುದ್ದೆಯನ್ನೂ ಬೈಯಲಿಲ್ಲ. ನಾನು ಹಗಲು ಹೇಳಿದ ಕತೆಗೆ ಮಗ ದಾರಿ ತಪ್ಪಿದನೆಂದೇ ಅವರ ಹೆದರಿಕೆ.

ಕೋಟೆ ಬಿತ್ತು, ನಮ್ಮನ್ನು ಬಿಟ್ಟರು. ನನ್ನ ಬೇಡಿ ಕತ್ತರಿಸಲು ಬಂದವನ ಉಳಿಯೇ ಮುರಿಯಿತು. ಸುಳ್ಳೇಕೆ, ಆಗಲೂ ಸ್ವಲ್ಪ ಹೆಮ್ಮೆಯಾಯಿತು.

ಮಳೆ ನಿಂತ ಮೇಲೆ ಶೀಳನೆರೆಗೆ ಹೋದೆ. ನಡು ಮಧ್ಯಾಹ್ನ. ಗೌಡರು ಹೊಂಗೆ ಮರದಡಿ ಕೂತಿದ್ದರು. ಮಗನ ಜೊತೆ ದಂಡಿನಲ್ಲಿದ್ದವನೊಬ್ಬ ಊರಿಗೆ ಬಂದು ಸುದ್ದಿ ಹೇಳಿ ಹೋಗಿದ್ದನಂತೆ.

"ಚಳಿಜ್ವರ ಬಂದು ಓಗ್ಬುಟ್ನಂತೆ ಕಣ್ಲಾ. ನೀನು ಒಳೀಕ್ ಬರೋಕ್ ಮುಂಚೇನೇ. ನಿನ್ ಕತೆ ಏನೂ ಮಾಡ್ನಿಲ್ಲ ಬುಡು."

ಹಾಗಾದರೆ ನಾವು ಅಷ್ಟು ಸಂಜೆಗಳನ್ನು ಕಾದದ್ದು ಯಾರಿಗಾಗಿ? ಗೌಡರು ಹತ್ತಿರ ಸರಿದು ಕೂತರು.

"ಆ ಕಾಗೆ ಕತೆ ಯೋಳು."

"ಇನ್ನೂ ಬಿಸ್ಲೈತಲ್ಲ ಗೌಡ್ರೆ."

"ಯೋಳ್ಲಾ. ದಾರೀಲಿ ಈಗ ನಮ್ಮೋರು ಯಾರವ್ರೆ?"

ಹೇಳಿದೆ. ಹಾರಲಾರದ ಕಾಗೆ ನಡೆದುಕೊಂಡೇ ಮನೆ ಕಡೆ ಹೊರಟಿತು ಅಂದೆ. ಅಲ್ಲಿಗೇ ನಿಲ್ಲಿಸಿದೆ.

"ಹೂಂ," ಅಂದರು ಗೌಡರು.