ಸಿದ್ರಾಮನ ಕೆಂಪು
ಬ್ರಹ್ಮಪುರದ ಆಫೀಸಿನಲ್ಲಿ ವೆಬ್‌ಸೈಟ್ ಕಟ್ಟುವ ಸಿದ್ರಾಮನೆದುರು ಬಣ್ಣದ ಹೆಸರು ಹೇಳಿದ ಗಿರಾಕಿ ಕೆಟ್ಟ. ‘ಕೆಂಪು ಅಂದ್ರ ಯಾವ ಕೆಂಪ್ರಿ? ನಂಬರ್ ಹೇಳ್ರಿ’ ಎಂದು ಬೆಚ್ಚಿಬೀಳಿಸುತ್ತಾನೆ. ಪರದೆಯ ಮೇಲಿನ ಬಣ್ಣಕ್ಕೆ ಮುಟ್ಟಿಸಿದರೆ ಅದರ ನಂಬರ್ ಹೇಳುವ ಕಲರ್ ಪಿಕರ್ ಇಲ್ಲದೆ ಒಂದು ಬಟನ್‌ಗೂ ಬಣ್ಣ ಹಚ್ಚುವವನಲ್ಲ. ತನ್ನ ಮದುವೆಯ ಪೇಟಕ್ಕೂ ಅಂಗಡಿಯಲ್ಲಿ ನಂಬರ್ ಕೇಳಿದನಂತೆ. ಪ್ರತಿ ಸೋಮವಾರ ತನ್ನೂರು ಕಮಲಾಪುರದ ಕೆಂಪು ಬಾಳೆಹಣ್ಣು ತಂದು ಹಂಚುತ್ತ, ‘ಇಂಥಾ ಬಣ್ಣ ಎಲ್ಲೂ ಸಿಗಂಗಿಲ್ರಿ’ ಎಂದು ಬೀಗುತ್ತಾನೆ. ಈ ಸೋಮವಾರ ಪಕ್ಕದ ಕುರ್ಚಿಯ ಆಸ್ಮಾ ತಿರುಗಿ ನೋಡಿದರೆ, ಅವನು ಹಣ್ಣಿನ ಫೋಟೋವನ್ನು ಪರದೆಗೆ ಹಾಕಿಕೊಂಡು ಅದರ ಮೇಲೆ ಪಿಕರ್ ಇಟ್ಟಿದ್ದ. ಹಣ್ಣು ಸುಲಿಯುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ‘ಸಾಹೇಬ್ರಿಗೆ ಹೇಳಬ್ಯಾಡ್ರಿ ಮೇಡಂ,’ ಎಂದ ಅವನು. ‘ಸಣ್ಣಾಂವಿದ್ದಾಗಿಂದ ಹಸರು, ಕೆಂಪು ಎರಡೂ ನನಗ ಒಂದೇ ಕಾಣ್ತಾವ. ನಮ್ಮ ಹಣ್ಣು ಕೆಂಪಂತ ಅಪ್ಪ ಹೇಳತಿದ್ದ. ನಂಬರ್ ನೋಡಿದ್ರ ಖರೇ ಅದ ರೀ.’