ಮಾರ್ಕ್ಸ್ ಕಡಿಮಿ ಬಿದ್ವೇನು?

ಬೇಸಿಗೆ ಮುಗಿಯುವ ಹೊತ್ತಿಗೆ ಶಹಾಪುರದಲ್ಲಿ ಎರಡು ಸುದ್ದಿಗಳು ಒಟ್ಟಿಗೆ ಏಳುತ್ತವೆ: ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಯಾರ ಮಕ್ಕಳಿಗೆ ಎಲ್ಲಿ ಸೀಟು ಸಿಕ್ಕಿತು. ನೀರಿನ ವಿಷಯ ಬಂದಾಗ ಜನ ತುಸು ಅನುಮಾನಿಸುತ್ತಾರೆ. ಸೀಟಿನ ವಿಷಯದಲ್ಲಿ ಯಾರಿಗೂ ಅನುಮಾನವೇ ಇಲ್ಲ. ನಾನು ಇಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಆ ದಿನಗಳಲ್ಲಿ ಹೋದಲ್ಲೆಲ್ಲ ಯಾರಾದರೊಬ್ಬರು ಚಹಾ ಕುಡಿಸಿ, ಯಾವ ಕಾಲೇಜು ಒಳ್ಳೆಯದೆಂದು ನನ್ನನ್ನು ಕೇಳುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ಅವರೇ ಹೇಳುತ್ತಾರೆ. ನನ್ನ ಪಾಲಿಗೆ ಉಳಿಯುವುದು ಚಹಾ.

ಆ ವರ್ಷ ನಮ್ಮ ಕಾಲೇಜಿನ ಸುಜಾತಾ ಪಿಯುಸಿಯಲ್ಲಿ ಜಿಲ್ಲೆಗೇ ಮೊದಲು ಬಂದಳು. ಸುರಪುರ ರಸ್ತೆಯಲ್ಲಿ, ಕಾಲುವೆಯ ದಂಡೆಗೆ ಹೊಂದಿಕೊಂಡ ಹಳ್ಳಿಯವಳು. ಅಪ್ಪ ಭೀಮರಾಯ ಅಲ್ಲಿಯ ಶಾಲೆಯ ಮಾಸ್ತರ. ಅವಳಿಗೆ ಎರಡು ದೊಡ್ಡ ಸಂಸ್ಥೆಗಳಿಂದ ಕರೆ ಬಂತು. ಒಂದರ ಹೆಸರು ಎಲ್ಲರ ಬಾಯಲ್ಲೂ ಇತ್ತು. ಇನ್ನೊಂದರ ಹೆಸರು ಅಲ್ಲಿ ಓದಿದವರ ಬಾಯಲ್ಲಿ ಮಾತ್ರ. ಅಪ್ಪ, ಮಗಳು ಯಾದಗಿರಿಯಲ್ಲಿ ರೈಲು ಹತ್ತಿ ಎರಡಕ್ಕೂ ಹೋಗಿ ಸಂದರ್ಶನ ಕೊಟ್ಟು ಬಂದರು. ಎರಡೂ ಕಡೆ ಸೀಟು ಸಿಕ್ಕಿತು. ತೊಂದರೆ ಶುರುವಾದದ್ದು ಅಲ್ಲಿಂದ.

ಒಂದು ಭಾನುವಾರ ಮಾಸ್ತರರು ನನ್ನ ಮನೆಗೆ ಬಂದರು. ಮುಖ ನೋಡಿದರೆ ಮಗಳು ನಪಾಸಾದಂತಿತ್ತು.

"ಸರ್, ನೀವಾರ ಆಕಿಗಿ ಬುದ್ಧಿ ಹೇಳ್ರಿ. ಮಶಹೂರ್ ಜಾಗ ಬಿಟ್ಟು ಆ ಇನ್ನೊಂದಕ್ಕ ಹೋಗ್ತೀನಿ ಅಂತ ಕುಂತಾಳ."

"ಅದೂ ಭಾಳ ಛಲೋ ಅದ ಮಾಸ್ತರ್ರ."

"ನಿಮಗ ಗೊತ್ತರಿ. ಬಸ್‌ಸ್ಟ್ಯಾಂಡಿನಾಗ ಯಾರಿಗಿ ಗೊತ್ತು? ಹೆಸರು ಹೇಳಿದ ಕೂಡ್ಲೇ, 'ಯಾಕ, ಮಾರ್ಕ್ಸ್ ಕಡಿಮಿ ಬಿದ್ವೇನು?' ಅಂತ ಕೇಳ್ತಾರ. ಜಿಲ್ಲಾಕ್ಕ ಮೊದಲ ಬಂದಾಕಿ ಅಪ್ಪ ನಾ. ಇಜ್ಜತ್ ಏನಾಗಬೇಕ್ರಿ?"

ನಗುವ ಹಾಗಿರಲಿಲ್ಲ. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಸುಜಾತಾಳೇ ಮೊದಲಿಗಳು. ಗೋಡೆಯ ಮೇಲಿನ ಬುದ್ಧನ ಪಟದ ಪಕ್ಕದಲ್ಲಿ ಮಗಳ ಫೋಟೋಕ್ಕೆ ಆಗಲೇ ಮೊಳೆ ಹೊಡೆದಿದ್ದ ಮನುಷ್ಯ ಅವರು. ಊರು ತಲೆದೂಗುವಂಥ ಒಂದು ಹೆಸರು ಬೇಕು ಅನ್ನಿಸಿದರೆ ಅದೇನು ಅತಿಯಾಸೆಯೇ?

ಹಿಂದಿನ ಕಾಲದ ದೊಡ್ಡ ಬೌದ್ಧ ವಿಹಾರಗಳಲ್ಲಿ, ಓದಲು ಬಂದವರಿಗೆ ದ್ವಾರಪಾಲಕನೇ ಪ್ರಶ್ನೆ ಕೇಳಿ, ಉತ್ತರ ಹೇಳಿದವರನ್ನಷ್ಟೇ ಒಳಗೆ ಬಿಡುತ್ತಿದ್ದನಂತೆ. ಆಗಲೂ ಬಾಗಿಲಾಚೆ ಯಾರೋ ಅಪ್ಪ ನಿಂತು, ಊರಿಗೆ ಏನು ಹೇಳಲಿ ಎಂದು ಬೆವರಿರಬೇಕು. ಇತಿಹಾಸಕಾರರು ಅಪ್ಪಂದಿರ ಬಗ್ಗೆ ಬರೆಯುವುದಿಲ್ಲ.

ಮರುದಿನ ಸುಜಾತಾ ಬಂದಳು. ನಾನು ಹಿರಿಯನ ಗತ್ತಿನಲ್ಲಿ ಮಶಹೂರ್ ಸಂಸ್ಥೆಯ ಲಾಭಗಳನ್ನು ಹೇಳತೊಡಗಿದೆ. ಪೂರ್ತಿ ಕೇಳಿ ಅವಳು, "ಸರ್, ನೀವು ಎಮ್ಮೆಸ್ಸಿಗಿ ಕಲಬುರ್ಗಿಗೇ ಯಾಕ ಹೋದ್ರಿ?" ಅಂದಳು.

ಅಲ್ಲಿ ನನ್ನ ಸೋದರಮಾವನ ಮನೆಯಿತ್ತು, ಅತ್ತೆಯ ಕೈಯ ರೊಟ್ಟಿ ಚೆನ್ನಾಗಿತ್ತು. ವಿಜ್ಞಾನಕ್ಕಾಗಿ ನಾನು ಮಾಡಿದ ಆಯ್ಕೆ ಅಷ್ಟೇ. ಅದನ್ನು ಹೇಳಲಾರದೆ, "ಮೊದಲ ನಿನ್ನ ಕಾರಣ ಹೇಳು," ಅಂದೆ.

"ಎರಡೂ ಕಡಿ ನಾ ಒಂದೇ ಮಾತು ಕೇಳ್ದೆ ಸರ್. ನಮ್ಮೂರ ಕಾಲುವಿ ತಿರುವಿನಾಗ ರೇವಿ ಮಣ್ಣು ಯಾವಾಗ್ಲೂ ಒಳ ಮಗ್ಗಲಿಗೇ ಯಾಕ ಕೂಡ್ತದ ಅಂತ. ಮೊದಲನೇ ಕಡಿ, 'ಒಳ್ಳೆ ಪ್ರಶ್ನೆ' ಅಂದು ನಕ್ಕು ಮುಂದಿನವರನ್ನ ಕರದ್ರು."

"ಎರಡನೇ ಕಡೆ?"

"ಅಲ್ಲಿ ಒಬ್ರು ಮೇಡಂ ಎದ್ದು ಬೋರ್ಡ್ ಮ್ಯಾಲ ಚಿತ್ರ ಬರದ್ರು. ಬಾಜೂಕ ಕುಂತ ಸರ್ 'ಹಂಗಲ್ಲ' ಅಂದ್ರು. ಇಬ್ರಿಗೂ ಜಗಳ ಹತ್ತಿತು. ಮೇಡಂ ಚಹಾ ಕಪ್ಪಿನಾಗ ಪುಡಿ ತಿರುವಿ ತೋರಿಸಾಕತ್ರು. ಸರ್, ನನ್ನ ಮಾರ್ಕ್ಸ್ ಕೇಳೋದು ಇರ್ಲಿ, ಅವರು ನನ್ನನ್ನೇ ಮರ್ತಬಿಟ್ರು!"

ಅವಳ ಮುಖದಲ್ಲಿ ಆ ಹೊತ್ತು ಇದ್ದ ಸಂತೋಷವನ್ನು ಫಲಿತಾಂಶದ ದಿನವೂ ನಾನು ನೋಡಿರಲಿಲ್ಲ. ಸಂದರ್ಶನದಲ್ಲಿ ತನ್ನನ್ನು ಮರೆತರೆಂದು ಹಿಗ್ಗಿದವರನ್ನು ನಾನು ಕಂಡದ್ದು ಅದೇ ಮೊದಲು. ಮಾಸ್ತರರನ್ನು ಕರೆಸಿ, ಇದನ್ನೇ ಇನ್ನೊಮ್ಮೆ ಹೇಳು ಅಂದೆ. ಹೇಳಿದಳು. ಅವರು ಮಗಳ ಕಡೆ ತಿರುಗಿದರು.

"ಇಬ್ರು ದೊಡ್ಡವರು ನಿನ್ನ ಮಾತಿನ ಮ್ಯಾಲ ಜಗಳಾಡಿದ್ರಾ?"

"ಹೌದಪಾ. ನೀ ಹೊರಗ ಕುಂತಿದ್ದಿ."

"ಒಳಗ ಗದ್ದಲ ಕೇಳ್ತಿತ್ತು. ನೀ ಏನೋ ತಪ್ಪು ಮಾಡೀದಿ ಅಂತ ನನಗ ಫಿಕರ್ ಹತ್ತಿತ್ತವ್ವ," ಅಂದರು ಮಾಸ್ತರರು. ಆಮೇಲೆ ಟೊಪ್ಪಿಗೆ ಸರಿಮಾಡಿಕೊಂಡು, "ಹೋಗು. ಬಸ್‌ಸ್ಟ್ಯಾಂಡಿನವರಿಗಿ ನಾ ಹೇಳ್ಕೋತೀನಿ," ಅಂದರು.

ಹೇಳಿದ್ದನ್ನು ನಾನೇ ಕೇಳಿದೆ. ಹತ್ತಿ ವ್ಯಾಪಾರಿಯೊಬ್ಬ, ಅಂಥ ಹೆಸರನ್ನೇ ಕೇಳಿಲ್ಲವೆಂದು ಹುಬ್ಬೇರಿಸಿದಾಗ ಮಾಸ್ತರರು ಶಾಂತವಾಗಿ, "ನೀ ಕೇಳಿಲ್ಲಂದ್ರ ಅದು ಭಾಳ ದೊಡ್ಡದು ಇರಬೇಕು ಬಿಡು," ಅಂದು ಬಸ್ಸು ಹತ್ತಿದರು.

ಮುಂದಿನ ವರ್ಷ ಮೊದಲು ಬಂದವಳು ಹತ್ತಿಕುಣಿಯ ರೇಣುಕಾ. ಅವಳಿಗೂ ಅದೇ ಸಂಸ್ಥೆ ಬೇಕಂತೆ. ಊರು ಬದಲಾಯಿತೆಂದು ಹಿಗ್ಗಿ, ಯಾಕೆ ಅಲ್ಲೇ ಎಂದು ಕೇಳಿದೆ.

"ಸುಜಾತಕ್ಕ ಅಲ್ಲೇ ಹೋಗ್ಯಾಳಲ್ರಿ."

ನನ್ನ ಹಿಗ್ಗು ಅರ್ಧ ಇಳಿಯಿತು. ಅಲ್ಲಿಗೆ ಹೋಗುವವರಿಗೆ ಒಂದು ಪ್ರಶ್ನೆ ಬೇಕಾಗುತ್ತದಮ್ಮ, ನಾಳೆ ಬರುವಾಗ ನಿನಗೆ ತಿಳಿಯದ ಒಂದು ಸಂಗತಿ ಹುಡುಕಿಕೊಂಡು ಬಾ ಅಂದೆ.

"ನಾಳಿ ತನಕ ಯಾಕ್ರಿ ಸರ್?" ಅಂದಳು ಹುಡುಗಿ, ತೀರಾ ವಿನಯದಿಂದ. "ನಿಮ್ಮ ಪಾಠದಾಗೇ ಭಾಳ ಅದಾವ."

ಇವಳು ಎಲ್ಲಿಗೆ ಹೋದರೂ ಚಿಂತೆಯಿಲ್ಲ ಅನ್ನಿಸಿತು.