ರವಿಚಂದ್ರ ಹೇಳಿದ ಕೊಲೆಗಾರ

ಮಳವಳ್ಳಿ ಬಸ್‌ಸ್ಟ್ಯಾಂಡ್ ಎದುರಿನ ಡಿಟಿಪಿ ಅಂಗಡಿಯಲ್ಲಿ ರವಿಚಂದ್ರ ಇಪ್ಪತ್ತೆರಡು ವರ್ಷದಿಂದ ಕೀಬೋರ್ಡು ಕುಟ್ಟುತ್ತಿದ್ದಾನೆ. ಲಗ್ನಪತ್ರಿಕೆ, ತಿಥಿ ಕಾರ್ಡು, ತಾಲ್ಲೂಕು ಕಚೇರಿಯ ಅರ್ಜಿ, ಜೊತೆಗೆ ಇಂದ್ರಮ್ಮನ ಸೈಕಲಾಜಿಕಲ್ ಥ್ರಿಲ್ಲರುಗಳು. ಪೂರಿಗಾಲಿ ಶಾಲೆಯಲ್ಲಿ ಇಬ್ಬರದೂ ಒಂದೇ ತರಗತಿ. ಪ್ರಬಂಧ ಸ್ಪರ್ಧೆಯ ಮೊದಲ ಬಹುಮಾನ ಯಾವಾಗಲೂ ಇವನದು, ಎರಡನೆಯದು ಅವಳದು. ಈಗ ಅವಳ ಆರು ಕಾದಂಬರಿ ಅಚ್ಚಾಗಿವೆ. ಇವನ ಒಂದೇ ಒಂದು ಕಾದಂಬರಿ ಮೂವರು ಪ್ರಕಾಶಕರಿಂದ ವಾಪಸಾಗಿ ಡ್ರಾಯರಿನಲ್ಲಿ ಬಿದ್ದಿದೆ. ಹೊಟ್ಟೆ ಉರಿಯದೆ ಏನು ಮಾಡೀತು?

ಇಂದ್ರಮ್ಮನದು ಒಂದು ಪದ್ಧತಿ. ಕೊನೆಯ ಅಧ್ಯಾಯ ಬರೆಯದೆ ಮಿಕ್ಕಿದ್ದನ್ನೆಲ್ಲ ತಂದುಕೊಡುತ್ತಾಳೆ. ಟೈಪು ಮುಗಿದ ಮೇಲೆ, "ಯಾರ ಮ್ಯಾಲ್ಲಾ ಅನುಮಾನ?" ಎಂದು ಕೇಳುತ್ತಾಳೆ. ಇವನು ಹೇಳಿದವರನ್ನು ಬಿಟ್ಟು ಬೇರೆಯವರನ್ನು ಕೊಲೆಗಾರ ಮಾಡುತ್ತಾಳೆ. ಓದುಗರು ಬೆಚ್ಚಿಬೀಳುತ್ತಾರೆ. ಹೊಗಳಿಕೆ ಅವಳಿಗೆ, ಬೆನ್ನುನೋವು ಇವನಿಗೆ.

ಏಳನೆಯ ಕಾದಂಬರಿ ಬಂತು. ಮದ್ದೂರಿನ ಒಂದು ಮನೆಯಲ್ಲಿ, ಊರೆಲ್ಲ ಮೆಚ್ಚಿದ ಹಿರಿಸೊಸೆ ವಿಷದಿಂದ ಸಾಯುತ್ತಾಳೆ. ಕೊಂದದ್ದು ಕಿರಿಸೊಸೆಯೋ, ಔಷಧಿ ಕೊಟ್ಟ ಕಾಂಪೌಂಡರೋ? ಕಿರಿಸೊಸೆಯೇ ಎಂದು ಎರಡನೇ ಅಧ್ಯಾಯದಲ್ಲೇ ಎಂಥವರಿಗೂ ಅನ್ನಿಸುವಂತಿತ್ತು. ರವಿಚಂದ್ರನಿಗೆ ಒಳಗೊಳಗೇ ಖುಷಿ. ಒಂದು ಸುಳ್ಳು ಹೇಳಿದರೆ ಸಾಕು, ಅವಳು ಕಿರಿಸೊಸೆಯನ್ನೇ ಕೊಲೆಗಾರ್ತಿ ಮಾಡುತ್ತಾಳೆ, ಒಮ್ಮೆಯಾದರೂ ಅವಳ ಪುಸ್ತಕ ಮಣ್ಣುಪಾಲಾಗುತ್ತದೆ.

ಟೈಪು ಮುಗಿದ ದಿನ, ಇಂದ್ರಮ್ಮ ಕೇಳಿ ಮುಗಿಸುವ ಮೊದಲೇ, ಕೀಬೋರ್ಡಿನಿಂದ ತಲೆಯೆತ್ತದೆ, "ಕಾಂಪೌಂಡರೇ ಕಣಮ್ಮ," ಎಂದ.

"ಕಿರಿಸೊಸೆ ಮ್ಯಾಲೆ ಒಸಿನೂ ಬರ್ನಿಲ್ವಾ?"

"ಅದು ಪಾಪದ್ದು ಬುಡು."

ಇಂದ್ರಮ್ಮ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಎದ್ದುಹೋದಳು.

ವಾರದ ಮೇಲೆ ಕೊನೆಯ ಅಧ್ಯಾಯ ಬಂತು. ಅಂದುಕೊಂಡಂತೆಯೇ ಕಿರಿಸೊಸೆ ಸಿಕ್ಕಿಬಿದ್ದಿದ್ದಳು. ಆದರೆ ಟೈಪು ಮಾಡುತ್ತ ರವಿಚಂದ್ರನ ಬೆರಳು ನಿಧಾನವಾದವು. ಕಿರಿಸೊಸೆಗೆ ಆಸ್ತಿಯ ಆಸೆಯಿರಲಿಲ್ಲ. ವಾರಗಿತ್ತಿಯನ್ನು ಯಾರಾದರೂ ಹೊಗಳಿದರೆ ಊಟ ಸೇರುತ್ತಿರಲಿಲ್ಲ, ಅಷ್ಟೆ. ಪೊಲೀಸರು ಕೇಳಿದಾಗ, ತಲೆಯೆತ್ತದೆ, ಕೇಳಿ ಮುಗಿಸುವ ಮೊದಲೇ ಕಾಂಪೌಂಡರನ ಹೆಸರು ಹೇಳಿದ್ದಳು. ಸತ್ತವಳ ಬಗ್ಗೆ, "ಅದು ಪಾಪದ್ದು ಬುಡಿ," ಎಂದಿದ್ದಳು. ಅವನ ಕಿವಿ ಬಿಸಿಯಾಯಿತು. ಇಂದ್ರಮ್ಮ ಇಷ್ಟು ಚೆನ್ನಾಗಿ ಎಂದೂ ಬರೆದಿರಲಿಲ್ಲ, ಅದು ಅವನಿಗೇ ಮೊದಲು ಗೊತ್ತಾಯಿತು.

ಉಳಿದದ್ದು ಅರ್ಪಣೆಯ ಪುಟ. "ಗೆಳೆಯ ರವಿಚಂದ್ರನಿಗೆ. ಅವನಿಲ್ಲದಿದ್ದರೆ ಈ ಕಿರಿಸೊಸೆ ಇಲ್ಲ."

ಅಳಿಸಿಬಿಡೋಣವೆಂದು ಕೈ ಮುಂದೆ ಹೋಯಿತು. ಪುಸ್ತಕವೊಂದರಲ್ಲಿ ಅವನ ಹೆಸರು ಬರುತ್ತಿರುವುದು ಇದೇ ಮೊದಲು. ಅರ್ಪಣೆಯನ್ನು ಇನ್ನೊಮ್ಮೆ ಓದಿದ. ಆಮೇಲೆ ಹೆಸರಿನ ಅಕ್ಷರವನ್ನು ಕೊಂಚ ದೊಡ್ಡದು ಮಾಡಿ, ಪುಟದ ನಡುವಿಗೆ ತಂದು, ಸೇವ್ ಮಾಡಿದ.